ಸಾಂಕ್ರಾಮಿಕದ ಹೊತ್ತಲ್ಲಿ ಬಾಡಿಗೆದಾರರನ್ನು ಬಿಡಿಸಬಹುದಾ? ನಾನು ಬಿಡಿಸಿದ್ದೆ

ಮೇಲ್ಮಹಡಿ
ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಬೈಯುವವರು ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ಕೆಳಗೆ ನಾವು, ಮೇಲೆ ಒಂದು ಬಾಡಿಗೆ ಮನೆ. 2020ರ ಮಾರ್ಚ್‌ನಲ್ಲಿ ಮೇಲೆ ಇದ್ದದ್ದು ಒಬ್ಬ ನರ್ಸ್. ಎರಡು ವರ್ಷದಿಂದ ಇದ್ದರು. ಬಾಡಿಗೆ ಒಂದು ದಿನ ತಡ ಮಾಡಿದವರಲ್ಲ. ಲಾಕ್‌ಡೌನ್ ಶುರುವಾದ ವಾರ ಅಕ್ಕಪಕ್ಕದವರಿಂದ ಫೋನ್ ಮೇಲೆ ಫೋನ್. "ಅವರು ದಿನಾ ಆಸ್ಪತ್ರೆಗೆ ಹೋಗಿ ಬರ್ತಾರೆ. ಅದೇ ಮೆಟ್ಟಿಲು, ಅದೇ ಗೇಟು. ನಿಮ್ಮ ಅತ್ತೆಗೆ ಎಂಬತ್ತು ದಾಟಿದೆ, ನೆನಪಿರಲಿ." ಮೂರು ದಿನ ತಡೆದೆ. ನಾಲ್ಕನೇ ದಿನ ಮೆಟ್ಟಿಲ ಬುಡದಲ್ಲಿ ನಿಂತು, ಬೇರೆ ಕಡೆ ನೋಡಿಕೊಳ್ಳಿ ಎಂದುಬಿಟ್ಟೆ. ಅವರು ವಾದ ಮಾಡಲಿಲ್ಲ. ಮಾರನೇ ದಿನ ಸಂಜೆಯೊಳಗೆ ಮನೆ ಖಾಲಿ. ಬೀಗದ ಕೈಯನ್ನು ಸ್ಯಾನಿಟೈಸರ್ ಹಾಕಿ ಒರೆಸಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಗೇಟಿಗೆ ನೇತುಹಾಕಿ ಹೋಗಿದ್ದರು. ಕವರಿನ ಒಳಗೆ ಇನ್ನೂ ಒದ್ದೆ ಇತ್ತು.

ಅಡ್ವಾನ್ಸ್ ಲೆಕ್ಕ ಅವತ್ತೇ ಚುಕ್ತಾ ಮಾಡಿದೆ. ಅದೊಂದೇ ಸಮಾಧಾನ.

ನನ್ನ ಪ್ರಶ್ನೆ ಇಷ್ಟು. ಅವತ್ತು ನನ್ನನ್ನು ತಡೆಯುವ ಕಾನೂನು ಇತ್ತಾ? ಇಲ್ಲದಿದ್ದರೆ ಇರಬೇಕಿತ್ತಾ? ಇದ್ದಿದ್ದರೆ ಪಕ್ಕದವರಿಗೆ "ನನ್ನ ಕೈಲಿ ಆಗಲ್ಲ, ಕೇಸ್ ಆಗುತ್ತೆ" ಅಂತಲಾದರೂ ಹೇಳಬಹುದಿತ್ತು.

ಚಿಲಕ
ಕಾನೂನು ಬೇಕಾ ಇದಕ್ಕೆ? ಮನುಷ್ಯತ್ವ ಸಾಕಿತ್ತು.

ಹನ್ನೊಂದು ತಿಂಗಳು
@ಚಿಲಕ ಮನುಷ್ಯತ್ವ ನಂಬಿಕೊಂಡು ಏಳು ಮನೆ ಬದಲಾಯಿಸಿದ್ದೇನೆ. ಕಾನೂನೇ ಇರಲಿ ಗುರುಗಳೇ.

ಕರಾರುಪತ್ರ
ಮೇಡಂ, ಕಾನೂನು ಇತ್ತು. ನಿಮ್ಮ ಬೀರುವಿನಲ್ಲೇ ಇತ್ತು. ಬಾಡಿಗೆ ಕರಾರಿನಲ್ಲಿ ನೋಟಿಸ್ ಅವಧಿ ಎಷ್ಟು ಅಂತ ಬರೆದಿದ್ದಿರಿ?

ಮೇಲ್ಮಹಡಿ
ಎರಡು ತಿಂಗಳು.

ಕರಾರುಪತ್ರ
ನೀವು ಕೊಟ್ಟದ್ದು ಒಂದು ದಿನ. ಅವರು ಆಗಲ್ಲ ಅಂದಿದ್ದರೆ ನೀವು ಕೋರ್ಟಿಗೆ ಹೋಗಬೇಕಿತ್ತು, ಆ ತಿಂಗಳಲ್ಲಿ ಕೋರ್ಟ್ ತುರ್ತು ಕೇಸು ಬಿಟ್ಟು ಬೇರೇನೂ ತೆಗೆದುಕೊಳ್ಳುತ್ತಿರಲಿಲ್ಲ. ಅಂದರೆ ಅವರು ಸುಮ್ನೆ ಕೂತಿದ್ದರೂ ಸಾಕಿತ್ತು. ಅವರಿಗೆ ಅದು ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಬೇಡ ಅನ್ನಿಸಿತು.

ಇನ್ನು ಸಾಂಕ್ರಾಮಿಕಕ್ಕಾಗಿಯೇ ಬಂದ ಆದೇಶಗಳು. 2020ರ ಮಾರ್ಚ್ 24ಕ್ಕೆ ದಿಲ್ಲಿಯ ಏಮ್ಸ್‌ನ ನಿವಾಸಿ ವೈದ್ಯರ ಸಂಘ ಗೃಹ ಸಚಿವರಿಗೆ ಪತ್ರ ಬರೆದಿತ್ತು, ಡಾಕ್ಟರು ನರ್ಸುಗಳನ್ನು ಮನೆ ಮಾಲೀಕರು ಹೊರಗೆ ಹಾಕುತ್ತಿದ್ದಾರೆ ಅಂತ. ಅಂದರೆ ನೀವು ಒಬ್ಬರೇ ಅಲ್ಲ. ಮಾರ್ಚ್ 29ಕ್ಕೆ ಕೇಂದ್ರ ಗೃಹ ಸಚಿವಾಲಯ ವಿಪತ್ತು ನಿರ್ವಹಣಾ ಕಾಯಿದೆ ಅಡಿ ಆದೇಶ ಹೊರಡಿಸಿತು. ಕಾರ್ಮಿಕರ ಹತ್ತಿರ ಒಂದು ತಿಂಗಳು ಬಾಡಿಗೆ ಕೇಳಬೇಡಿ, ಕಾರ್ಮಿಕರು ಮತ್ತು ವಿದ್ಯಾರ್ಥಿಗಳನ್ನು ಬಲವಂತದಿಂದ ಬಿಡಿಸಿದರೆ ಕ್ರಮ ಅಂತ. ನರ್ಸ್ ಅಂತ ಅದರಲ್ಲಿ ಹೆಸರಿಸಿರಲಿಲ್ಲ. ಏಪ್ರಿಲ್ 22ಕ್ಕೆ ಸುಗ್ರೀವಾಜ್ಞೆ ಬಂತು. ಆರೋಗ್ಯ ಸಿಬ್ಬಂದಿಯ ವಾಸಕ್ಕೆ, ಕೆಲಸಕ್ಕೆ ತೊಂದರೆಯಾಗಿ ಅವರ ಡ್ಯೂಟಿಯೇ ನಿಲ್ಲುವ ಹಾಗೆ ಕಿರುಕುಳ ಕೊಟ್ಟರೆ ಅದೂ ಹಿಂಸೆಯ ಲೆಕ್ಕಕ್ಕೇ ಸೇರಿತು. ಮೂರು ತಿಂಗಳಿಂದ ಐದು ವರ್ಷ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷ ದಂಡ.

ನಿಮ್ಮದು ಆ ಸುಗ್ರೀವಾಜ್ಞೆಗೆ ಮೂರು ವಾರ ಮುಂಚೆ ಆಗಿಹೋಗಿದೆ.

ಮೇಲ್ಮಹಡಿ
ಮೂರು ವಾರ. ಸರಿ.

ತುರ್ತುಘಟಕ
ನಾನೂ ನರ್ಸೇ. ನನಗೆ ಹೇಳಿದ್ದು ಮೆಟ್ಟಿಲ ಬುಡದಲ್ಲಿ ನಿಂತು ಅಲ್ಲ, ವಾಟ್ಸಾಪ್‌ನಲ್ಲಿ. ಕೊನೆಗೆ ಕೈಮುಗಿಯುವ ಚಿತ್ರ ಬೇರೆ.

ಡ್ಯೂಟಿ ರೂಮಿನಲ್ಲಿ 19 ದಿನ ಮಲಗಿದೆ. ಒಂದು ಮಂಚ, ನಾಲ್ಕು ಜನ, ಪಾಳಿ ಪ್ರಕಾರ. ನಾನು ಏಳುವಾಗ ಇನ್ನೊಬ್ಬಳು ಮಲಗಲು ಕಾಯುತ್ತಿದ್ದಳು, ದಿಂಬು ಬೆಚ್ಚಗೇ ಇರುತ್ತಿತ್ತು. ಅಂತರ ಕಾಯ್ದುಕೊಳ್ಳಿ ಅಂತ ಗೋಡೆ ಮೇಲೆ ನಾವೇ ಅಂಟಿಸಿದ ಪೋಸ್ಟರ್ ಇತ್ತು. ಹನ್ನೆರಡನೇ ದಿನ ನಮ್ಮಲ್ಲಿ ಒಬ್ಬಳಿಗೆ ಪಾಸಿಟಿವ್ ಬಂತು, ಆಮೇಲೆ ಇನ್ನಿಬ್ಬರಿಗೆ. ಮಾಲೀಕರ ಮೆಟ್ಟಿಲು ಉಳಿಯಿತು, ನಾವು ಉಳಿಯಲಿಲ್ಲ.

ಮೇಲ್ಮಹಡಿಯವರೇ, ನಿಮ್ಮನ್ನು ಬೈಯಲು ಬರೆದದ್ದಲ್ಲ. ಒಬ್ಬರನ್ನು ಮನೆಯಿಂದ ಕಳಿಸಿದರೆ ಸೋಂಕು ಊರು ಬಿಟ್ಟು ಹೋಗಲ್ಲ. ಇನ್ನೂ ಇಕ್ಕಟ್ಟಾದ ಕೋಣೆಗೆ ಹೋಗುತ್ತೆ, ಅಷ್ಟೇ.

ಒಂಟಿಸಾಲಗಾರ
ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ. ನರ್ಸ್ ವಿಷಯ ಬೇರೆ, ಅದರಲ್ಲಿ ಎರಡು ಮಾತಿಲ್ಲ. ಬಾಡಿಗೆಯನ್ನೇ ಕೊಡದವರನ್ನು ಏನು ಮಾಡಬೇಕು?

ನಮ್ಮ ಬಾಡಿಗೆದಾರ ಒಂಬತ್ತು ತಿಂಗಳು ಬಿಡಿಗಾಸು ಕೊಡಲಿಲ್ಲ. ಮೊದಲ ಮೂರು ತಿಂಗಳು ನಿಜಕ್ಕೂ ಕಷ್ಟ ಇತ್ತು, ನಾನೇ ಕೇಳಲಿಲ್ಲ. ಆಮೇಲೆ ಹೊಸ ಬೈಕ್ ಬಂತು. ಕೇಳಿದರೆ "ಸರ್ಕಾರ ಬಿಡಿಸಬೇಡಿ ಅಂದಿದೆ ಅಲ್ವಾ ಸರ್" ಅಂತ ಉತ್ತರ. ಆ ಮನೆ ಸಾಲದ್ದು. ರಿಸರ್ವ್ ಬ್ಯಾಂಕ್ ಕಂತು ಮುಂದೂಡಿ ಅಂತ ಮಾರ್ಚ್‌ನಿಂದ ಆಗಸ್ಟ್ ಕೊನೆವರೆಗೆ ಅವಕಾಶ ಕೊಟ್ಟಿತು ಸರಿ. ಆದರೆ ಬಡ್ಡಿ ಓಡುತ್ತಲೇ ಇತ್ತು. ಯಾರನ್ನಾದರೂ ಕಾಪಾಡಬೇಕು ಅಂದರೆ ಸರ್ಕಾರ ಕಾಪಾಡಲಿ. ನನ್ನ ಜೇಬಿಗೆ ಕೈ ಹಾಕಿ ದಾನ ಮಾಡಿಸೋದು ಯಾವ ನ್ಯಾಯ?

ಚಿಲಕ
ಬೈಕ್ ಡೆಲಿವರಿ ಕೆಲಸಕ್ಕೆ ತಗೊಂಡಿರಬಹುದು ಸ್ವಾಮಿ.

ಒಂಟಿಸಾಲಗಾರ
@ಚಿಲಕ ಡೆಲಿವರಿಗೆ ಆ ಬೈಕಾ? ನೀವು ಬೈಕ್ ನೋಡಿಲ್ಲ.

ಕರಾರುಪತ್ರ
ಸಾಲದ ಬಗ್ಗೆ ಒಂದು ತಿದ್ದುಪಡಿ. ಬಡ್ಡಿ ಮೇಲಿನ ಬಡ್ಡಿ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಹೇಳಿತು. ಬಡ್ಡಿ ಪೂರ್ತಿ ಮನ್ನಾ ಮಾಡಲು ಒಪ್ಪಲಿಲ್ಲ. ನಿಮ್ಮ ಲೆಕ್ಕಕ್ಕೆ ಅದರಿಂದ ಬಂದದ್ದು ಚೂರುಪಾರು ಇರಬಹುದು.

ಒಂಟಿಸಾಲಗಾರ
ಚೂರೂ ಅಲ್ಲ, ಪಾರೂ ಅಲ್ಲ.

ಗಡಿಯಾಚೆ
ಒಂಟಿಸಾಲಗಾರರ ಪ್ರಶ್ನೆ ಸರಿಯಾಗಿದೆ. ಅಮೆರಿಕದಲ್ಲಿ ಆದದ್ದೂ ಇದೇ ಕಥೆ, ಸ್ವಲ್ಪ ದೊಡ್ಡ ಮಟ್ಟದಲ್ಲಿ. ನಾನು ಆಗ ಅಲ್ಲಿ ಬಾಡಿಗೆ ಮನೆಯಲ್ಲಿದ್ದೆ.

2020ರ ಸೆಪ್ಟೆಂಬರ್ 4ರಿಂದ ಸಿಡಿಸಿ, ಅಂದರೆ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ, ಬಾಡಿಗೆ ಬಾಕಿ ಇದೆ ಅಂತ ಯಾರನ್ನೂ ಮನೆ ಬಿಡಿಸಬೇಡಿ ಅಂತ ದೇಶಕ್ಕೆಲ್ಲ ಆದೇಶ ಮಾಡಿತು. ವಸತಿ ಇಲಾಖೆ ಅಲ್ಲ, ರೋಗದ ಇಲಾಖೆ! ಬೀದಿಗೆ ಬಿದ್ದವರು ನೆಂಟರ ಮನೆಗೋ ಆಶ್ರಯ ಕೇಂದ್ರಕ್ಕೋ ಹೋಗುತ್ತಾರೆ, ರೋಗ ಜಾಸ್ತಿ ಹರಡುತ್ತದೆ ಅನ್ನುವುದೇ ಅವರ ವಾದ. ತುರ್ತುಘಟಕದವರು ಹೇಳಿದ ಬೆಚ್ಚಗಿನ ದಿಂಬಿನ ವಾದವೇ ಅದು.

ಆದರೆ ಅದು ತಾನಾಗಿ ಸಿಗುತ್ತಿರಲಿಲ್ಲ. ನಾವೇ ಒಂದು ಘೋಷಣಾ ಪತ್ರಕ್ಕೆ ಸಹಿ ಹಾಕಿ ಮಾಲೀಕರಿಗೆ ಕೊಡಬೇಕಿತ್ತು. ನನ್ನ ಆದಾಯ ಕುಸಿದಿದೆ, ಸರ್ಕಾರದ ಸಹಾಯಕ್ಕೆ ಪ್ರಯತ್ನಪಟ್ಟಿದ್ದೇನೆ, ಆದಷ್ಟು ಕೊಡುತ್ತೇನೆ, ಬಿಡಿಸಿದರೆ ಹೋಗಲು ಜಾಗವಿಲ್ಲ ಅಂತ. ಸುಳ್ಳು ಬರೆದರೆ ಶಿಕ್ಷೆ. ಅದನ್ನು ಕೈಯಲ್ಲಿ ಹಿಡಿದು ಮಾಲೀಕರ ಬಾಗಿಲು ತಟ್ಟುವಾಗ ಆಗುವ ಮುಜುಗರ ಇದೆಯಲ್ಲ, ಅದನ್ನು ಯಾವ ಆದೇಶದಲ್ಲೂ ಬರೆದಿರಲ್ಲ. ನನ್ನ ಪಕ್ಕದ ಮನೆಯವರು ಸಹಿ ಹಾಕಿದ ಪತ್ರವನ್ನು ಎರಡು ವಾರ ಫ್ರಿಜ್ ಮೇಲೆ ಇಟ್ಟುಕೊಂಡಿದ್ದರು, ಕೊಡಲು ಧೈರ್ಯ ಬರದೆ.

ಮತ್ತೆ ಬಾಡಿಗೆ ಮನ್ನಾ ಆಗಿರಲಿಲ್ಲ. ಬಾಕಿ ಬೆಳೆಯುತ್ತಲೇ ಇತ್ತು.

ಹನ್ನೊಂದು ತಿಂಗಳು
ಅಂದರೆ ಬಾಗಿಲಿಗೆ ಬೀಗ ಬೀಳಲ್ಲ, ತಲೆ ಮೇಲೆ ಸಾಲ ಬೀಳುತ್ತೆ.

ಗಡಿಯಾಚೆ
ಹೌದು. ಅದಕ್ಕೇ ಸಂಸತ್ತು ಬಾಡಿಗೆ ನೆರವಿಗೆ ಎರಡು ಕಂತಿನಲ್ಲಿ ಸುಮಾರು 4,650 ಕೋಟಿ ಡಾಲರ್ ಇಟ್ಟಿತು. ಹಣ ನೇರ ಮಾಲೀಕರ ಖಾತೆಗೆ ಹೋಗುವ ವ್ಯವಸ್ಥೆ. ಒಳ್ಳೆಯದೇ ಅಲ್ವಾ? 2021ರ ಜುಲೈ ಕೊನೆಗೆ ಹಂಚಿಕೆಯಾದದ್ದು ಹತ್ತರಲ್ಲಿ ಒಂದು ಪಾಲಿನಷ್ಟು. ದುಡ್ಡು ಇತ್ತು, ಅರ್ಜಿ ನಮೂನೆ, ದಾಖಲೆ, ಪರಿಶೀಲನೆ ಇವುಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು. ಅದೇ ಜುಲೈ 31ಕ್ಕೆ ಆದೇಶದ ಅವಧಿ ಮುಗಿಯಿತು. ಕೋರಿ ಬುಷ್ ಅನ್ನುವ ಸಂಸದೆ, ಒಂದು ಕಾಲದಲ್ಲಿ ತಾವೇ ಮನೆ ಇಲ್ಲದೆ ಕಾರಿನಲ್ಲಿ ಮಲಗಿದವರು, ಸಂಸತ್ತಿನ ಮೆಟ್ಟಿಲ ಮೇಲೆ ರಾತ್ರಿಗಟ್ಟಲೆ ಮಲಗಿ ಧರಣಿ ಮಾಡಿದರು. ಆಗಸ್ಟ್ 3ಕ್ಕೆ ಸಿಡಿಸಿ ಸೋಂಕು ಜಾಸ್ತಿ ಇರುವ ಕಡೆಗೆ ಮಾತ್ರ ಅಂತ ಹೊಸ ಆದೇಶ ಮಾಡಿತು. ಆಗಸ್ಟ್ 26ಕ್ಕೆ ಅವರ ಸುಪ್ರೀಂ ಕೋರ್ಟ್ ಅದನ್ನೂ ತೆಗೆದುಹಾಕಿತು, 6–3 ಬಹುಮತದಲ್ಲಿ. ರೋಗ ನಿಯಂತ್ರಣದ ಹೆಸರಲ್ಲಿ ಇಷ್ಟು ದೊಡ್ಡ ಅಧಿಕಾರ ಬೇಕಿದ್ದರೆ ಸಂಸತ್ತು ಸ್ಪಷ್ಟವಾಗಿ ಕೊಡಬೇಕು ಅಂತ.

ಅಂಕಿಸಂಕಿ
ಬಿಡಿಸಿದರೆ ರೋಗ ಹರಡುತ್ತೆ ಅನ್ನುವುದಕ್ಕೆ ಲೆಕ್ಕ ಇದೆಯಾ, ಇಲ್ಲ ಎಲ್ಲರೂ ಭಾವನೆ ಮೇಲೆ ಹೇಳುತ್ತಿದ್ದೀರಾ?

ಗಡಿಯಾಚೆ
ಇದೆ. ಅಮೆರಿಕದ 43 ರಾಜ್ಯಗಳು 2020ರಲ್ಲಿ, ಸಿಡಿಸಿ ಆದೇಶಕ್ಕೆ ಮುಂಚೆ, ತಮ್ಮದೇ ತಡೆ ಹಾಕಿದ್ದವು. ಅದರಲ್ಲಿ 27 ರಾಜ್ಯಗಳು ಸೆಪ್ಟೆಂಬರ್ ಒಳಗೆ ತೆಗೆದವು. ತೆಗೆದವನ್ನೂ ಉಳಿಸಿಕೊಂಡವನ್ನೂ ಹೋಲಿಸಿದ ಅಧ್ಯಯನವೊಂದು, ತೆಗೆದ ಕಡೆ ಅಂದಾಜು 4,33,700 ಹೆಚ್ಚುವರಿ ಸೋಂಕು, 10,700 ಹೆಚ್ಚುವರಿ ಸಾವು ಅಂತ ಹೇಳಿತು.

ಅಂಕಿಸಂಕಿ
ನೋಡಿದ್ದೇನೆ ಅದನ್ನು. ಮನೆ ಬಿಡಿಸುವ ತಡೆ ತೆಗೆದ ರಾಜ್ಯ ಅದೇ ತಿಂಗಳು ಹೋಟೆಲು, ಬಾರು, ಶಾಲೆ ಎಲ್ಲ ತೆಗೆದಿರುತ್ತೆ. ಯಾವುದರಿಂದ ಎಷ್ಟು ಅಂತ ಹೇಗೆ ಬೇರೆ ಮಾಡುತ್ತೀರಿ? ಮಾಸ್ಕ್, ಲಾಕ್‌ಡೌನ್ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದಿದ್ದಾರೆ ನಿಜ. ಆದರೂ ಆ ಸಂಖ್ಯೆಯನ್ನು ಕಲ್ಲಲ್ಲಿ ಕೆತ್ತಿದ ಹಾಗೆ ಹೇಳಬೇಡಿ. ದಿಕ್ಕು ಸರಿ ಇರಬಹುದು, ಅಳತೆ ಬಗ್ಗೆ ನನಗೆ ಅನುಮಾನ.

ತುರ್ತುಘಟಕ
ನನ್ನ ಡ್ಯೂಟಿ ರೂಮಿನಲ್ಲಿ ನಾಲ್ವರಲ್ಲಿ ಮೂವರು. ಅಳತೆ ಬೇಕಿದ್ದರೆ.

ಅಂಕಿಸಂಕಿ
ಕ್ಷಮಿಸಿ ಮೇಡಂ. ನಿಮ್ಮ ಮಾತಿಗೆ ಹೇಳಿದ್ದಲ್ಲ ಅದು.

ಹಳೇಪುಟ
ಕರಾರುಪತ್ರದವರು ಹೇಳಿದ ಏಪ್ರಿಲ್ 22ರ ಸುಗ್ರೀವಾಜ್ಞೆ ಯಾವ ಕಾನೂನಿಗೆ ತಿದ್ದುಪಡಿ ಗೊತ್ತಾ? 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ. ಮುಂಬಯಿಗೆ ಪ್ಲೇಗ್ ಬಂದಾಗ ಬ್ರಿಟಿಷರು ತರಾತುರಿಯಲ್ಲಿ ಮಾಡಿದ್ದು. ಆಗ ಜನರನ್ನು ಮನೆಯಿಂದ ಹೊರಗೆ ಹಾಕುತ್ತಿದ್ದದ್ದು ಮಾಲೀಕರಲ್ಲ, ಸರ್ಕಾರವೇ. ಪುಣೆಯಲ್ಲಿ ಸೈನಿಕರು ಮನೆ ನುಗ್ಗಿ, ರೋಗಿ ಇದ್ದಾರಾ ಅಂತ ಜಾಲಾಡಿ, ಮನೆಯವರನ್ನು ಕ್ಯಾಂಪಿಗೆ ಸಾಗಿಸುತ್ತಿದ್ದರು. ಸಾಮಾನು ಸುಡುತ್ತಿದ್ದರು. ಆ ಸಿಟ್ಟಿಗೇ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ 1897ರ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡು ಹೊಡೆದದ್ದು.

ಮನೆಯಿಂದ ಎಳೆದು ಹಾಕಲು ಬಳಸಿದ ಕಾನೂನಿಗೆ 123 ವರ್ಷ ಆದಮೇಲೆ, ನರ್ಸಮ್ಮ ಮನೆಯಲ್ಲೇ ಇರಲಿ ಬಿಡಿ ಅಂತ ತಿದ್ದುಪಡಿ!

ಚಿಲಕ
ಈ ಥ್ರೆಡ್‌ನಲ್ಲಿ ಕೆಲಸಕ್ಕೆ ಬಂದ ಇತಿಹಾಸ ಇದೊಂದೇ.

ಹಳೇಪುಟ
ಇನ್ನೊಂದಿದೆ, ತಡೆಯಿರಿ. ರೋಗದ್ದಲ್ಲ, ಯುದ್ಧದ್ದು. 1915ರಲ್ಲಿ ಬ್ರಿಟನ್ನಿನ ಗ್ಲಾಸ್ಗೋದಲ್ಲಿ ಮಾಲೀಕರು ಬಾಡಿಗೆ ಏರಿಸಿದರು. ಗಂಡಸರು ಯುದ್ಧಕ್ಕೆ ಹೋಗಿದ್ದರು, ಹೆಂಗಸರೇ ಇರೋದು ಅಂತ ಧೈರ್ಯ. ಮೇರಿ ಬಾರ್ಬರ್ ಅನ್ನುವವರ ಮುಂದಾಳತ್ವದಲ್ಲಿ ಆ ಹೆಂಗಸರು ಬಾಡಿಗೆ ಕೊಡೋದೇ ನಿಲ್ಲಿಸಿದರು. ಬಿಡಿಸಲು ಅಮೀನರು ಬಂದರೆ ಒಬ್ಬಳು ಗಂಟೆ ಬಾರಿಸೋದು, ಕೇರಿಯ ಹೆಂಗಸರೆಲ್ಲ ಹಿಟ್ಟು ಹಿಡಿದು ಮೆಟ್ಟಿಲಿಗೆ ಬರೋದು. ವರ್ಷದ ಕೊನೆಗೆ ಸಂಸತ್ತು ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟಕ್ಕೆ ಕಟ್ಟಿಹಾಕಿ ಕಾನೂನು ಮಾಡಿತು. ಅದರಲ್ಲಿ ಒಂದು ಜಾಣತನ ನೋಡಿ, ಮನೆ ಸಾಲದ ಬಡ್ಡಿಯನ್ನೂ ಏರಿಸಬಾರದು ಅಂತ ಜೊತೆಗೇ ಕಟ್ಟಿದರು. ಒಂಟಿಸಾಲಗಾರರು ಕೇಳುತ್ತಿರೋದು ಇದನ್ನೇ ಅಲ್ವಾ?

ಒಂಟಿಸಾಲಗಾರ
ಇದನ್ನೇ! ನೂರು ವರ್ಷದ ಹಿಂದೆ ತಲೆ ಓಡಿದೆ, 2020ರಲ್ಲಿ ಓಡಲಿಲ್ಲ.

ಖಾಲಿಕೋಣೆ
ಹಿಟ್ಟು ಎಸೆಯೋ ಐಡಿಯಾ ಚೆನ್ನಾಗಿದೆ.

ಕರಾರುಪತ್ರ
2020ರಲ್ಲಿ ಎಲ್ಲರ ತಲೆಯೂ ನಿಂತಿರಲಿಲ್ಲ. ಸ್ಪೇನ್ ಮಾಡಿದ್ದನ್ನು ನೋಡಿ. ಹತ್ತಕ್ಕಿಂತ ಜಾಸ್ತಿ ಮನೆ ಇರುವ ದೊಡ್ಡ ಮಾಲೀಕರಿಗೆ, ಕೆಲಸ ಕಳೆದುಕೊಂಡ ಬಾಡಿಗೆದಾರ ಕೇಳಿದರೆ ಅರ್ಧ ಬಾಡಿಗೆ ಬಿಡಿ, ಇಲ್ಲವೇ ಮುಂದೂಡಿ ಅಂತ ಕಡ್ಡಾಯ ಮಾಡಿದರು. ಮುಂದೂಡಿದ್ದನ್ನು ಮೂರು ವರ್ಷದಲ್ಲಿ ಕಂತು ಕಂತಾಗಿ ತೀರಿಸಬಹುದು. ಒಂದೆರಡು ಮನೆಯ ಸಣ್ಣ ಮಾಲೀಕರಿಗೆ ಆ ಕಡ್ಡಾಯ ಇಲ್ಲ, ಬಾಡಿಗೆದಾರನಿಗೇ ಸರ್ಕಾರದ ಖಾತರಿ ಮೇಲೆ ಬಡ್ಡಿ ಇಲ್ಲದ ಸಾಲ. ಜರ್ಮನಿ ಇನ್ನೂ ಸರಳ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಬಾಕಿಗಾಗಿ ಕರಾರು ರದ್ದು ಮಾಡುವಂತಿಲ್ಲ, ತೀರಿಸಲು 2022ರ ಜೂನ್ 30ರವರೆಗೆ ಸಮಯ. ಇಂಗ್ಲೆಂಡಿನಲ್ಲಿ ನೋಟಿಸ್ ಅವಧಿಯನ್ನೇ ಮೊದಲು ಮೂರು, ಆಮೇಲೆ ಆರು ತಿಂಗಳಿಗೆ ಎಳೆದರು.

ಈ ಮೂರೂ ಕಡೆ ಬಾಡಿಗೆ ಪೂರ್ತಿ ಮನ್ನಾ ಆಗಲಿಲ್ಲ ಅನ್ನೋದು ಗಮನಿಸಿ. ಪ್ರಶ್ನೆ ಯಾವಾಗಲೂ ಒಂದೇ, ಆ ಮೂರು ತಿಂಗಳ ನಷ್ಟವನ್ನು ಯಾರ ಹೆಗಲಿಗೆ, ಎಷ್ಟು ದಿನಕ್ಕೆ ಹಂಚುವುದು.

ಹನ್ನೊಂದು ತಿಂಗಳು
ದಿಲ್ಲಿಯಲ್ಲಿ ಬಾಡಿಗೆ ಸರ್ಕಾರವೇ ಕೊಡುತ್ತೆ ಅಂದಿದ್ದರಲ್ಲ?

ಕರಾರುಪತ್ರ
ಅಂದಿದ್ದರು. 2020ರ ಮಾರ್ಚ್ 29ರ ಪತ್ರಿಕಾಗೋಷ್ಠಿಯಲ್ಲಿ ಆಗಿನ ಮುಖ್ಯಮಂತ್ರಿ ಕೇಜ್ರಿವಾಲ್, ಬಡ ಬಾಡಿಗೆದಾರರಿಗೆ ಕೊಡಲಾಗದಿದ್ದರೆ ಸರ್ಕಾರ ಕೊಡುತ್ತೆ ಅಂದರು. ದಿನಗೂಲಿಯವರು ಅದನ್ನು ನಂಬಿ ಹೈಕೋರ್ಟಿಗೆ ಹೋದರು. 2021ರ ಜುಲೈನಲ್ಲಿ ಏಕಸದಸ್ಯ ಪೀಠ, ಮುಖ್ಯಮಂತ್ರಿ ಕೊಟ್ಟ ಮಾತಿಗೆ ಬೆಲೆ ಇದೆ, ಆರು ವಾರದಲ್ಲಿ ತೀರ್ಮಾನ ಮಾಡಿ ಅಂದಿತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ತಡೆ ಕೊಟ್ಟಿತು.

ಹನ್ನೊಂದು ತಿಂಗಳು
ನಂಬಿದ್ದಕ್ಕೆ ಬಂದ ಬಾಡಿಗೆ.

ಖಾಲಿಕೋಣೆ
ನೀವೆಲ್ಲ ಕೋರ್ಟು, ಆದೇಶ ಅನ್ನುತ್ತಿದ್ದೀರಿ. ನಮ್ಮನ್ನು ಬಿಡಿಸಿದ್ದು ನೀರಿನ ಮೋಟಾರ್.

ನಾವು ಮೂವರು ಓದುವ ಹುಡುಗರು. ಮಾರ್ಚ್ 29ರ ಆದೇಶದಲ್ಲಿ ವಿದ್ಯಾರ್ಥಿಗಳ ಹೆಸರೂ ಇತ್ತು ಅಂತ ಈಗ ಗೊತ್ತಾಯಿತು, ಥ್ಯಾಂಕ್ಸ್. ಓನರ್ ಒಂದು ಸಲವೂ ಹೋಗಿ ಅನ್ನಲಿಲ್ಲ. ಮೋಟಾರ್ ಕೆಟ್ಟಿದೆ ಅಂದರು. ಕೆಳಗಿನ ಅವರ ಮನೆಯಲ್ಲಿ ನಲ್ಲಿ ಸದ್ದು ಕೇಳುತ್ತಿತ್ತು. ಪದೇ ಪದೇ ಕೈ ತೊಳೆಯಿರಿ ಅಂತ ಫೋನಿನ ಕಾಲರ್ ಟ್ಯೂನ್ ಹೇಳುತ್ತಿತ್ತು, ನಮ್ಮ ಬಕೆಟ್ ಒಣಗಿತ್ತು. ಆರನೇ ದಿನ ನಾವೇ ಗಂಟುಮೂಟೆ ಕಟ್ಟಿದೆವು. ಹೊರಡುವಾಗ "ನಾನೇನೂ ಹೋಗಿ ಅನ್ನಲಿಲ್ಲಪ್ಪ" ಅಂದರು ಓನರ್. ನಿಜ, ಅನ್ನಲಿಲ್ಲ.

ತುರ್ತುಘಟಕ
ಇದಕ್ಕೆ ಯಾವ ಆದೇಶ ತರುತ್ತೀರಿ ಕರಾರುಪತ್ರದವರೇ?

ಕರಾರುಪತ್ರ
ಕೇಂದ್ರದ ಮಾದರಿ ಬಾಡಿಗೆ ಕಾಯಿದೆ, 2021ರ ಜೂನ್ 2ರಂದು ಸಂಪುಟ ಒಪ್ಪಿದ್ದು, ನೀರು ಕರೆಂಟು ನಿಲ್ಲಿಸುವಂತಿಲ್ಲ ಅಂತ ನೇರವಾಗಿ ಹೇಳುತ್ತೆ. ಇನ್ನೊಂದೂ ಇದೆ ಅದರಲ್ಲಿ. ಕರಾರು ಮುಗಿಯುವ ಹೊತ್ತಿಗೆ ವಿಪತ್ತು ಬಂದರೆ, ಬಾಡಿಗೆದಾರ ಕೇಳಿಕೊಂಡರೆ, ವಿಪತ್ತು ಮುಗಿದ ಮೇಲೂ ಒಂದು ತಿಂಗಳು ಹಳೇ ಷರತ್ತಿನಲ್ಲೇ ಇರಲು ಬಿಡಬೇಕು. ಆದರೆ ಅದು ಮಾದರಿ ಅಷ್ಟೇ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಜೀವ ಬರುತ್ತೆ.

ಆಮೇಲೆ ತಮಾಷೆ ನೋಡಿ. ಯಾವುದು ವಿಪತ್ತು ಅಂತ ಅದರಲ್ಲಿ ಪಟ್ಟಿ ಇದೆ. ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪ, ಪ್ರಕೃತಿಯಿಂದಾಗುವ ಬೇರೆ ಅನಾಹುತ. ಎರಡನೇ ಅಲೆ ನಡೆಯುತ್ತಿದ್ದಾಗಲೇ ಒಪ್ಪಿದ ಕಾನೂನು, ಸಾಂಕ್ರಾಮಿಕ ಅನ್ನುವ ಪದವೇ ಆ ಪಟ್ಟಿಯಲ್ಲಿಲ್ಲ!

ಅಂಕಿಸಂಕಿ
"ಬೇರೆ ಅನಾಹುತ" ಅನ್ನೋದರಲ್ಲಿ ಬರುತ್ತೆ ಬಿಡಿ.

ಕರಾರುಪತ್ರ
ಬರುತ್ತೆ ಅಂತ ನೀವು, ಬರಲ್ಲ ಅಂತ ಎದುರು ವಕೀಲ. ಅದನ್ನು ತೀರ್ಮಾನ ಮಾಡುವಷ್ಟರಲ್ಲಿ ಹುಡುಗರ ಡಿಗ್ರಿ ಮುಗಿದಿರುತ್ತೆ.

ಒಂಟಿಸಾಲಗಾರ
ನೀರು ನಿಲ್ಲಿಸಿದ್ದು ತಪ್ಪು. ಒಪ್ಪುತ್ತೇನೆ. ನಾನು ಒಂಬತ್ತು ತಿಂಗಳೂ ನಿಲ್ಲಿಸಲಿಲ್ಲ, ನೀರಿನ ಬಿಲ್ಲೂ ನಾನೇ ಕಟ್ಟಿದೆ. ಹೆಂಡತಿ ಇವತ್ತಿಗೂ ಹಂಗಿಸುತ್ತಾಳೆ.

ಖಾಲಿಕೋಣೆ
ನೀವು ನಮ್ಮ ಓನರ್ ಆಗಿದ್ದರೆ ಚೆನ್ನಾಗಿತ್ತು ಅಂಕಲ್.

ಒಂಟಿಸಾಲಗಾರ
ಬೈಕ್ ಇದೆಯಾ ನಿನ್ನ ಹತ್ತಿರ?

ಖಾಲಿಕೋಣೆ
ಸೈಕಲ್.

ಒಂಟಿಸಾಲಗಾರ
ಹಾಗಾದರೆ ಸರಿ.

ಹನ್ನೊಂದು ತಿಂಗಳು
ಮೇಲ್ಮಹಡಿಯವರೇ, ಮೊದಲಿನಿಂದ ಒಂದು ಕೇಳಬೇಕು ಅಂತಿದ್ದೆ. ಅಡ್ವಾನ್ಸ್ ಚುಕ್ತಾ ಮಾಡಿದೆ ಅಂದಿರಿ. ಪೂರ್ತಿ ಕೊಟ್ಟಿರಾ? ಏಳು ಮನೆ ನೋಡಿದವನು ನಾನು, ಚುಕ್ತಾ ಅನ್ನುವ ಪದ ಕೇಳಿದರೆ ಕಿವಿ ನಿಮಿರುತ್ತೆ.

ಚಿಲಕ
ಬಿಡಿ ಗುರುಗಳೇ, ಪಾಪ, ಅವರೇ ಬಂದು ಒಪ್ಪಿಕೊಂಡಿದ್ದಾರೆ.

ಮೇಲ್ಮಹಡಿ
ಇಲ್ಲ, ಕೇಳಲಿ.

ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡಿದ್ದೆ. ಕರಾರಿನಲ್ಲಿ ಹಾಗೆ ಇತ್ತು. ಪೇಂಟ್ ಮಾಡಿಸಲಿಲ್ಲ, ಲಾಕ್‌ಡೌನ್‌ನಲ್ಲಿ ಯಾರು ಬರುತ್ತಾರೆ. ಎಂಟು ತಿಂಗಳು ಮನೆ ಖಾಲಿ ಬಿದ್ದಿತ್ತು. ಆಮೇಲೆ ಬಂದವರಿಗೆ ಹಾಗೇ ಕೊಟ್ಟೆ. ಗೋಡೆ ಚೆನ್ನಾಗೇ ಇತ್ತು, ಒಂದು ಮೊಳೆ ಸಹ ಹೊಡೆದಿರಲಿಲ್ಲ ಅವರು.

ಕರಾರುಪತ್ರ
ಮೇಡಂ, ಕರಾರಿನ ನೋಟಿಸ್ ಷರತ್ತು ನೀವು ಪಾಲಿಸಲಿಲ್ಲ. ಪೇಂಟಿಂಗ್ ಷರತ್ತು ಪಾಲಿಸಿದಿರಿ.

ಮೇಲ್ಮಹಡಿ
ಹೌದು.

ತುರ್ತುಘಟಕ
ಅವರ ನಂಬರ್ ಇದೆಯಾ ನಿಮ್ಮ ಹತ್ತಿರ?

ಮೇಲ್ಮಹಡಿ
ಇದೆ. ಯುಗಾದಿಗೆ ಮೊದಲೆಲ್ಲ ಮೆಸೇಜ್ ಮಾಡುತ್ತಿದ್ದರು.

ತುರ್ತುಘಟಕ
ರಾತ್ರಿ ಪಾಳಿ ಇದ್ದರೆ ಬೆಳಗ್ಗೆ ಮಲಗಿರುತ್ತಾರೆ. ಸಂಜೆ ನಾಲ್ಕರ ಮೇಲೆ ಮಾಡಿ.